ನಿಧಿಗಿಂತ ಹುಡುಕಾಟವೇ ಸವಿ

ರಜೆ ಬಂತೆಂದರೆ ಮಕ್ಕಳು ಮೊಬೈಲ್ ಬಿಡುವುದಿಲ್ಲ ಎಂಬುದು ಹಾಸನದಲ್ಲೂ ಹೊಳೆನರಸೀಪುರದಲ್ಲೂ ತಾಯಂದಿರ ದೂರು. ಅದೇ ಮೊಬೈಲ್ ಹಿಡಿಸಿ ಮಕ್ಕಳನ್ನು ಬಯಲಿಗೆ ಕರೆದೊಯ್ಯುವ ಆಟವೊಂದಿದೆ. ಅದುವೇ ಜಿಯೋಕ್ಯಾಚಿಂಗ್.

2000ದ ಮೇ 2ರಂದು ಅಮೆರಿಕವು ನಾಗರಿಕರ ಜಿಪಿಎಸ್ ಸಂಕೇತದಲ್ಲಿ ತಾನೇ ಬೆರೆಸಿದ್ದ ದೋಷವನ್ನು ತೆಗೆದುಹಾಕಿತು. ಮರುದಿನವೇ ಡೇವ್ ಅಲ್ಮರ್ ಎಂಬವರು ಓರೆಗಾನ್ ರಾಜ್ಯದಲ್ಲಿ ಡಬ್ಬವೊಂದನ್ನು ಅಡಗಿಸಿ, ಅದರ ಅಕ್ಷಾಂಶ ರೇಖಾಂಶಗಳನ್ನು ಎಲ್ಲರಿಗೂ ತಿಳಿಸಿದರು. ಹುಡುಕಿದವರು ಒಳಗಿನ ಪುಸ್ತಕದಲ್ಲಿ ಹೆಸರು ಬರೆಯಬೇಕು. ಏನಾದರೂ ತೆಗೆದುಕೊಂಡರೆ ಅಷ್ಟೇ ಬೆಲೆಯದನ್ನು ಇಡಬೇಕು. ಕೆಲವು ಡಬ್ಬಗಳ ಜಾಗ ತಿಳಿಯಲು ಮೊದಲು ಒಗಟು ಬಿಡಿಸಬೇಕು. ಒಗಟು ಕಠಿಣವಾದಷ್ಟೂ ಸಿಕ್ಕಾಗಿನ ಸಂತೋಷ ಹೆಚ್ಚು.

ಇದನ್ನು ನಮ್ಮ ಹಿತ್ತಲಲ್ಲೂ ಆಡಬಹುದು. ಚೀಟಿಯಲ್ಲಿ ಹೀಗೆ ಬರೆಯಿರಿ: "ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರ ಆರಂಭವಾದ ವರ್ಷದ ಅಂಕಿಗಳನ್ನು ಕೂಡಿಸು. ನಲ್ಲಿಯಿಂದ ಕಿಬ್ಲಾದ ಕಡೆಗೆ ಅಷ್ಟು ಹೆಜ್ಜೆ ನಡೆ." ವರ್ಷ 1982, ಹೆಜ್ಜೆ 20. ಲೆಕ್ಕ, ದಿಕ್ಕು, ಊರಿನ ವಿಷಯ ಮೂರೂ ತಿಳಿದವು! ಕಿಬ್ಲಾ ನಿರ್ಣಯಕ್ಕಾಗಿ ಊರುಗಳ ಅಕ್ಷಾಂಶ ರೇಖಾಂಶ ಲೆಕ್ಕ ಹಾಕಿದ ಅಲ್ ಬಿರೂನಿಯ ಕಥೆಯನ್ನೂ ಹೇಳಿ. ಅರಕಲಗೂಡು, ಚನ್ನರಾಯಪಟ್ಟಣದ ನೆಂಟರ ಮನೆಗೆ ಹೋದಾಗ ಮಕ್ಕಳೇ ಹೊಸ ಒಗಟು ಕಟ್ಟಲಿ.

ಡಬ್ಬದಲ್ಲಿ ಖರ್ಜೂರವಿಟ್ಟಿದ್ದೀರಿ ಎನ್ನೋಣ. ಮೊದಲು ಬಂದ ಅಣ್ಣ ಎಲ್ಲವನ್ನೂ ತಿಂದುಬಿಟ್ಟರೆ ಹಿಂದೆ ಬರುವ ತಂಗಿಗೆ ಏನು ಉಳಿದೀತು? ಕಾವಲಿಲ್ಲದ ಆ ಡಬ್ಬ ಒಂದು ಅಮಾನತ್. ಯಾರೂ ಕಾಣದಿದ್ದರೂ ಅಲ್ಲಾಹನು ಕಾಣುತ್ತಾನೆಂದು ಆಟದಲ್ಲೇ ಅರಿತ ಮಗು ಅದನ್ನು ಮರೆಯುವುದುಂಟೇ?