ತಲೆಯ ಮೇಲಿನ ತಿರುವು

ಹೈದರಾಬಾದ್ ನಗರದ ಉತ್ತರಕ್ಕಿರುವ ಹಕೀಂಪೇಟೆ ಮತ್ತು ದುಂಡಿಗಲ್ ವಾಯುನೆಲೆಗಳ ಸುತ್ತಮುತ್ತ ವಾಸಿಸುವವರಿಗೆ ಒಂದು ದೃಶ್ಯವು ಅನೇಕ ವರ್ಷಗಳಿಂದ ಪರಿಚಿತ. ಇಳಿಯಲು ಬಂದ ವಾಯುಪಡೆಯ ವಿಮಾನವು ಇಳಿಯದೆ ರನ್‌ವೇಯ ಮೇಲೆಯೇ ವೇಗವಾಗಿ ಹಾದುಹೋಗುತ್ತದೆ. ಮರುಕ್ಷಣವೇ ಒಂದು ರೆಕ್ಕೆಯನ್ನು ನೆಲದತ್ತ ಬಾಗಿಸಿ ತೀವ್ರವಾಗಿ ಹೊರಳಿ, ಬಂದ ದಿಕ್ಕಿಗೇ ಮರಳುತ್ತದೆ. ಮತ್ತೊಮ್ಮೆ ತಿರುಗಿ ಬಂದು ನೆಲ ಮುಟ್ಟುತ್ತದೆ. ಕೆಳಗಿನಿಂದ ನೋಡುವವರಿಗೆ ಇದು ಯುವ ವೈಮಾನಿಕನ ಹುಮ್ಮಸ್ಸಿನ ಪ್ರದರ್ಶನವೆಂದು ತೋರುವುದು ಸಹಜ. ವಾಸ್ತವವಾಗಿ ಇದು ವಿಧಿಬದ್ಧವಾಗಿ ಕಲಿಸಲಾಗುವ ಕ್ರಮ. ಆದರೆ ಅದನ್ನು ಎಷ್ಟು ವೇಗದಲ್ಲಿ, ಎಷ್ಟು ತಗ್ಗಿನಲ್ಲಿ ಮಾಡುವುದು ಉಚಿತವೆಂಬ ಬಗ್ಗೆ ಸೇನಾ ವೈಮಾನಿಕರಲ್ಲಿಯೇ ಬಹುಕಾಲದಿಂದ ವಾದವಿದೆ.

ವೈಮಾನಿಕರು ಈ ತಿರುವನ್ನು ‘ಬ್ರೇಕ್’ ಎನ್ನುತ್ತಾರೆ. ಇದು ವಾಹನದ ಬ್ರೇಕ್ ಅಲ್ಲ. ಗುಂಪಿನಿಂದ ಬೇರ್ಪಟ್ಟು ಹೊರಳುವುದು ಎಂಬುದು ಇಲ್ಲಿನ ಅರ್ಥ. ನಾಲ್ಕು ವಿಮಾನಗಳು ಒಟ್ಟಾಗಿ ಹಿಂದಿರುಗಿದಾಗ ಎಲ್ಲವೂ ಏಕಕಾಲಕ್ಕೆ ಇಳಿಯಲಾರವು. ರನ್‌ವೇಯ ಮೇಲೆ ಬಂದೊಡನೆ ಮುಂದಾಳು ಮೊದಲು ಹೊರಳುತ್ತಾನೆ. ಕೆಲವು ಸೆಕೆಂಡುಗಳ ಅಂತರದಲ್ಲಿ ಉಳಿದವರು ಒಬ್ಬೊಬ್ಬರಾಗಿ ಅನುಸರಿಸುತ್ತಾರೆ. ಆ ಕೆಲವು ಸೆಕೆಂಡುಗಳೇ ಇಳಿಯುವಾಗ ವಿಮಾನಗಳ ನಡುವಿನ ಸುರಕ್ಷಿತ ಅಂತರವಾಗುತ್ತವೆ. ಯುದ್ಧಕಾಲದಲ್ಲಿ ಇಂಧನ ಮುಗಿಯುತ್ತ ಬಂದಿರುವಾಗ, ಶತ್ರುವಿಮಾನದ ಭಯವೂ ಇರುವಾಗ, ದೂರದಿಂದ ನಿಧಾನವಾಗಿ ತೇಲುತ್ತ ಬರುವುದು ಅಪಾಯಕರ. ಇದಲ್ಲದೆ, ವೇಗವೆಂಬುದು ಕೂಡಿಟ್ಟ ಹಣವಿದ್ದಂತೆ. ಭಾರತೀಯ ವಾಯುಪಡೆಯ ಅನೇಕ ತಲೆಮಾರುಗಳ ವೈಮಾನಿಕರು ತರಬೇತಿ ಪಡೆದ ‘ಕಿರಣ್’ ವಿಮಾನಕ್ಕೆ ಇರುವುದು ಒಂದೇ ಎಂಜಿನ್. ಅದು ಕೈಕೊಟ್ಟರೂ ಸಾಕಷ್ಟು ವೇಗ ಉಳಿದಿದ್ದಲ್ಲಿ ಅದನ್ನು ಎತ್ತರವನ್ನಾಗಿ ಪರಿವರ್ತಿಸಿಕೊಂಡು ರನ್‌ವೇ ತಲುಪುವ ಅವಕಾಶವಿರುತ್ತದೆ.

ತಿರುವಿನಲ್ಲಿ ವೇಗ ತಗ್ಗುವ ಬಗೆಯೂ ಸ್ವಾರಸ್ಯಕರವಾಗಿದೆ. ವಿಮಾನವನ್ನು 60 ಡಿಗ್ರಿ ವಾಲಿಸಿ ಎತ್ತರ ಕಳೆದುಕೊಳ್ಳದೆ ತಿರುಗಿಸಬೇಕಾದರೆ ರೆಕ್ಕೆಗಳು ಅದರ ತೂಕದ ಎರಡರಷ್ಟು ಭಾರವನ್ನು ಹೊರಬೇಕು. ಆಗ ಎತ್ತುವ ಬಲದೊಡನೆ ಹುಟ್ಟುವ ಗಾಳಿಯ ಎಳೆತವು, ಅದೇ ವೇಗದಲ್ಲಿ ನೇರವಾಗಿ ಹಾರುವಾಗ ಇರುವುದರ ನಾಲ್ಕು ಪಟ್ಟಾಗುತ್ತದೆ. ಎಂಜಿನ್ನಿನ ಶಕ್ತಿಯನ್ನೂ ಇಳಿಸಿದಾಗ ವೇಗವು ತಾನಾಗಿಯೇ ಕುಗ್ಗುತ್ತದೆ. ಹೆಸರಿನ ಅರ್ಥ ಬೇರೆಯಾದರೂ ಈ ತಿರುವು ಒಂದು ಬಗೆಯ ಬ್ರೇಕೂ ಹೌದು! ಚಕ್ರಗಳನ್ನೂ ರೆಕ್ಕೆಯ ಹಿಂಬದಿಯ ಫ್ಲಾಪುಗಳನ್ನೂ ನಿಗದಿತ ವೇಗಕ್ಕಿಂತ ಕೆಳಗೆ ಬಂದ ಮೇಲೆಯೇ ಇಳಿಸಬೇಕಾದುದರಿಂದ ಈ ಕುಗ್ಗುವಿಕೆ ಅನಿವಾರ್ಯ.

ಹೀಗಿರುವಲ್ಲಿ ವಾದವೇಕೆ? ಇನ್ನೂ ವೇಗ, ಇನ್ನೂ ತಗ್ಗು ಎಂಬ ಆಸೆಯಲ್ಲಿ ಅದರ ಮೂಲವಿದೆ. ಕಠಿಣ ತಿರುವು ಕೈಚಳಕವನ್ನು ಹರಿತಗೊಳಿಸುತ್ತದೆ, ಶತ್ರುವಿಗೆ ಗುರಿ ಸಿಗದಂತೆ ಮಾಡುತ್ತದೆ ಎಂದು ಒಂದು ಪಕ್ಷ ಹೇಳುತ್ತದೆ. ಈ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಲೆಕ್ಕ ಇನ್ನೊಂದು ಪಕ್ಷದ ಕಡೆಗೆ ವಾಲುತ್ತದೆ. ಗಂಟೆಗೆ ಸುಮಾರು 555 ಕಿಲೋಮೀಟರ್ ವೇಗದಲ್ಲಿ 60 ಡಿಗ್ರಿ ವಾಲಿ ತಿರುಗುವ ವಿಮಾನದ ವೃತ್ತದ ತ್ರಿಜ್ಯ ಸುಮಾರು 1,400 ಮೀಟರ್. ವೇಗವನ್ನು ಗಂಟೆಗೆ 740 ಕಿಲೋಮೀಟರಿಗೆ ಏರಿಸಿದರೆ ಅದು ಸುಮಾರು 2,500 ಮೀಟರ್ ಆಗುತ್ತದೆ. ವೇಗ ಮೂರನೇ ಒಂದರಷ್ಟು ಹೆಚ್ಚಿದರೆ ತ್ರಿಜ್ಯವು ಹೆಚ್ಚುಕಡಿಮೆ ಮುಕ್ಕಾಲು ಪಟ್ಟು ಹಿಗ್ಗುತ್ತದೆ. ಹಳೆಯ ವೃತ್ತದೊಳಗೇ ಇರಬೇಕೆಂದರೆ ಇನ್ನೂ ಹೆಚ್ಚು ವಾಲಬೇಕು. 75 ಡಿಗ್ರಿಯಲ್ಲಿ ಭಾರವು ತೂಕದ ನಾಲ್ಕು ಪಟ್ಟಿನ ಹತ್ತಿರಕ್ಕೆ ಬರುತ್ತದೆ. ಸಮುದ್ರಮಟ್ಟದಿಂದ 500 ಮೀಟರಿಗಿಂತಲೂ ಎತ್ತರದಲ್ಲಿರುವ ದಖ್ಖನಿನಲ್ಲಿ, ಬೇಸಿಗೆಯ ಉರಿಬಿಸಿಲಿನಲ್ಲಿ ಗಾಳಿ ತೆಳುವಾಗುತ್ತದೆ. ಆಗ ವೇಗಮಾಪಕವು ತೋರಿಸುವುದಕ್ಕಿಂತ ವಿಮಾನದ ನಿಜವಾದ ವೇಗ ಹೆಚ್ಚಿರುತ್ತದೆ, ವೃತ್ತವೂ ದೊಡ್ಡದಾಗುತ್ತದೆ. ಮಳೆ ಬಿದ್ದ ಬಳಿಕ ರೆಕ್ಕೆ ಬಂದ ಗೆದ್ದಲುಗಳನ್ನು ಹಿಡಿಯಲು ಹದ್ದುಗಳು ಮೇಲೆ ಸುತ್ತುತ್ತವೆ. ತಗ್ಗಿನಲ್ಲಿ ಹಾರುವ ವಿಮಾನಕ್ಕೆ ಅವು ಎದುರಾಗುವ ಸಂಭವ ಹೆಚ್ಚು. ವೇಗ ಒಂದೂವರೆ ಪಟ್ಟಾದರೆ ಡಿಕ್ಕಿಯ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ.

ಎಲ್ಲಕ್ಕಿಂತ ದುರ್ಬಲವಾದ ಭಾಗವೆಂದರೆ ಮನುಷ್ಯನ ದೇಹ. ಥಟ್ಟನೆ ಹೊರಳಿದಾಗ ರಕ್ತವು ತಲೆಯಿಂದ ಕೆಳಕ್ಕೆ ಸರಿಯುತ್ತದೆ. ಮೊದಲು ಕಣ್ಣು ಮಂಕಾಗಿ, ಬಳಿಕ ಪ್ರಜ್ಞೆಯೇ ಜಾರಬಹುದು. ಕಾಲು ಮತ್ತು ಹೊಟ್ಟೆಯನ್ನು ಬಿಗಿಯುವ ವಿಶೇಷ ಉಡುಪು, ಸ್ನಾಯುಗಳನ್ನು ಸೆಟೆಸಿ ಉಸಿರಾಡುವ ಅಭ್ಯಾಸ ಇವೆರಡೂ ಇದನ್ನು ತಡೆಯಲೆಂದೇ ಇವೆ. ಬ್ರಿಟಿಷ್ ವಾಯುಪಡೆಯ ‘ರೆಡ್ ಆರೋಸ್’ ತಂಡದ ಒಂದು ಹಾಕ್ ವಿಮಾನವು 2011ರ ಆಗಸ್ಟ್ 20ರಂದು ಪ್ರದರ್ಶನ ಮುಗಿಸಿ ಬೋರ್ನ್‌ಮತ್ ವಿಮಾನ ನಿಲ್ದಾಣದಲ್ಲಿ ಇಳಿಯಲು ಇದೇ ತಿರುವನ್ನು ಕೈಗೊಂಡಾಗ ನೆಲಕ್ಕಪ್ಪಳಿಸಿ, ಅನುಭವಿ ವೈಮಾನಿಕ ಮೃತಪಟ್ಟನು. ತಿರುವಿನ ಭಾರದಿಂದ ಆತನ ಪ್ರಜ್ಞೆ ಮಸುಕಾಗಿದ್ದಿರಬೇಕೆಂದು ತನಿಖೆ ತೀರ್ಮಾನಿಸಿತು. ಆಕಾಶದಲ್ಲಿ ಕಸರತ್ತು ಮುಗಿಸಿ ಮನೆಗೆ ಮರಳುವ ಘಳಿಗೆಯದು. ಕಟ್ಟೆಚ್ಚರ ಸಡಿಲವಾಗುವುದು ಅಂತಹ ಹೊತ್ತಿನಲ್ಲಿಯೇ.

ಇದೇ ಹಾಕ್ ಕುಟುಂಬದ ವಿಮಾನಗಳು 2008ರಿಂದ ಬೀದರ್ ವಾಯುನೆಲೆಯಲ್ಲಿ ತರಬೇತಿಗೆ ಬಳಕೆಯಾಗುತ್ತಿವೆ. 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಬೀದರಿನಲ್ಲಿಯೇ 1996ರಲ್ಲಿ ‘ಸೂರ್ಯಕಿರಣ್’ ತಂಡವು ಕಿರಣ್ ವಿಮಾನಗಳೊಡನೆ ರೂಪುಗೊಂಡಿತು. ಇಂದು ಅದು ಹಾರಿಸುತ್ತಿರುವುದೂ ಹಾಕ್ ವಿಮಾನಗಳನ್ನೇ. ಇಂತಹ ಪ್ರದರ್ಶನ ತಂಡದ ನಿಪುಣರು ತೋರುವುದನ್ನು ಹೊಸಬನು ಅನುಕರಿಸಹೊರಟರೆ ಅಪಾಯವು ದೂರವಿರದು. ಕಿರಣ್ ವಿಮಾನದಲ್ಲಿ ಶಿಕ್ಷಕನೂ ಶಿಷ್ಯನೂ ಪಕ್ಕಪಕ್ಕದಲ್ಲಿಯೇ ಕುಳಿತಿರುತ್ತಾರೆ. ಶಿಷ್ಯನು ಎಷ್ಟು ಬಿರುಸಾಗಿ ಹೊರಳಿದನೆಂಬುದಕ್ಕಿಂತ, ತಿರುವು ಮುಗಿದಾಗ ಎತ್ತರ ಸರಿಯಾಗಿದೆಯೆ, ರನ್‌ವೇ ತಕ್ಕಷ್ಟು ದೂರದಲ್ಲಿದೆಯೆ, ಚಕ್ರ ಇಳಿಸುವಷ್ಟು ವೇಗ ತಗ್ಗಿದೆಯೆ ಎಂಬುದನ್ನೇ ಶಿಕ್ಷಕನು ನೋಡಬೇಕಾಗುತ್ತದೆ. ಇವುಗಳಲ್ಲಿ ಒಂದು ತಪ್ಪಿದ್ದರೂ ಇಳಿಯುವ ಯತ್ನವನ್ನು ಕೈಬಿಟ್ಟು, ಎಂಜಿನ್ನಿಗೆ ಮತ್ತೆ ಶಕ್ತಿ ಕೊಟ್ಟು ಮೇಲೇರಿ ಇನ್ನೊಂದು ಸುತ್ತು ಬರಬೇಕು.