ಗಗನದ ಯಂತ್ರಭಟ

ಆಷಾಢದ ಒಂದು ಮಧ್ಯಾಹ್ನ ನಾವು ದಾವಣಗೆರೆಯ ಮಂಡಿಪೇಟೆಯಲ್ಲಿ ಮಳೆಗೆ ಸಿಕ್ಕಿ ಅಂಗಡಿಯೊಂದರ ತಗಡಿನ ಮಾಡಿನ ಕೆಳಗೆ ನಿಂತಿದ್ದೆವು. ಬೀದಿಯಲ್ಲಿ ಮೂಟೆಗಳ ಮೇಲೆ ತಾಡಪಾಲು ಎಳೆಯುವ ಗಡಿಬಿಡಿ. ಮೇಲೆ ಕಡುಗಪ್ಪಾದ ಮುಗಿಲು. ಅಂಗಡಿಯ ಹಿರಿಯ ವ್ಯಾಪಾರಿಗಳು ದೇಶದ ಗಡಿಯನ್ನು ಕಾಯುವ ಉಪಗ್ರಹಗಳ ಸುದ್ದಿಯನ್ನು ಅಂದಿನ ಪತ್ರಿಕೆಯಲ್ಲಿ ಓದಿ ಮಡಿಸಿಟ್ಟಿದ್ದರು. ಅವರು ಒಮ್ಮೆ ಆಕಾಶದತ್ತ ನೋಡಿ, "ಅಲ್ರೀ, ಇಷ್ಟು ಮೋಡ ಕವದೈತಿ. ಮ್ಯಾಲಿರೋ ಆ ಯಂತ್ರಕ್ಕೆ ನಮ್ಮ ಪ್ಯಾಟಿ ಕಾಣ್ತೈತೇನ್ರೀ?" ಎಂದು ಕೇಳಿದರು.

ಪ್ರಶ್ನೆ ಸರಳವಾದರೂ ಅದರಲ್ಲಿ ತೂಕವಿದೆ. ಮೋಡ ಕವಿದಾಗ ಕುರುಡಾಗುವ ಕಾವಲುಗಾರನಿಂದ ಪ್ರಯೋಜನವೇನು? ಕಾಣುತ್ತದೆ ಎಂದೇ ಇಟ್ಟುಕೊಂಡರೂ, ಕಂಡದ್ದು ಏನೆಂದು ಅದಕ್ಕೆ ತಿಳಿಯುತ್ತದೆಯೇ? ಈ ಎರಡು ಪ್ರಶ್ನೆಗಳಿಗೆ ಉತ್ತರವನ್ನು ನಾವು ಒಂದು ಉಪಗ್ರಹದ ಜೀವನಚರಿತ್ರೆಯಿಂದಲೇ ಪಡೆಯಬಹುದು. ಹದಿಮೂರು ವರ್ಷ ಆಕಾಶದಲ್ಲಿ ಪಹರೆ ಮಾಡಿ, 2022ರಲ್ಲಿ ಉರಿದು ಮುಗಿದ ಭಾರತದ ರಿಸ್ಯಾಟ್-2 ಎಂಬುದೇ ಆ ಉಪಗ್ರಹ.

ಕತೆಯ ಯಂತ್ರಭಟ, ನಿಜದ ಯಂತ್ರಭಟ

ಅಂತರಿಕ್ಷದ ಕತೆಗಳಲ್ಲಿ ಬರುವ ಯಂತ್ರಭಟನಿಗೆ ಕೈಕಾಲುಗಳಿರುತ್ತವೆ, ಕೈಯಲ್ಲಿ ಕಿರಣ ಕಾರುವ ಬಂದೂಕಿರುತ್ತದೆ. ಮುಪ್ಪಿನಲ್ಲಿ ಅವನು ಹಳೆಯ ಯುದ್ಧಗಳ ವೃತ್ತಾಂತವನ್ನು ಮಕ್ಕಳಿಗೆ ಹೇಳುವುದೂ ಉಂಟು. ರೋಬಾಟ್ ಎಂಬ ಶಬ್ದವನ್ನು ಜಗತ್ತಿಗೆ ಕೊಟ್ಟದ್ದು ಚೆಕ್ ಲೇಖಕ ಕಾರೆಲ್ ಚಾಪೆಕ್‌ನ 1920ರ ನಾಟಕ. ಅದರ ಮೂಲದಲ್ಲಿರುವ ಚೆಕ್ ಮಾತಿಗೆ ಬಿಟ್ಟಿ ಚಾಕರಿ ಎಂದು ಅರ್ಥ.

ಈ ಅರ್ಥದಲ್ಲಿ ನೋಡಿದರೆ ನಿಜವಾದ ಯಂತ್ರಭಟನಿಗೆ ಮನುಷ್ಯಾಕಾರ ಅನಾವಶ್ಯಕ. ಹಸಿವು, ನಿದ್ರೆ, ಸಂಬಳಗಳಿಲ್ಲದೆ ಒಪ್ಪಿಸಿದ ಚಾಕರಿಯನ್ನು ಮಾಡುತ್ತಿದ್ದರೆ ಸಾಕು. ಅವನೂ ತನ್ನ ವೃತ್ತಾಂತವನ್ನು ಹೇಳುತ್ತಾನೆ. ಆದರೆ ರೇಡಿಯೋ ಅಲೆಗಳ ಮೂಲಕ. ತನ್ನ ಮೈಯ ಉಷ್ಣತೆ ಎಷ್ಟು, ವಿದ್ಯುತ್ಕೋಶದಲ್ಲಿ ಶಕ್ತಿ ಎಷ್ಟು, ಮುಖ ಯಾವ ದಿಕ್ಕಿಗಿದೆ ಎಂಬುದನ್ನೆಲ್ಲ ಅಂಕಿಗಳಾಗಿ ಭೂಮಿಗೆ ಒಪ್ಪಿಸುತ್ತಿರುತ್ತಾನೆ. ಇದಕ್ಕೆ ದೂರಮಾಪನವೆಂದು ಹೆಸರು. ನಮ್ಮ ಉಪಗ್ರಹಗಳ ಈ ಮಾತುಗಳನ್ನು ಆಲಿಸಿ ಅವುಗಳಿಗೆ ಆಜ್ಞೆಗಳನ್ನು ಕಳುಹಿಸತಕ್ಕ ಇಸ್ರೋದ ಜಾಲಕ್ಕೆ ಬೆಂಗಳೂರಿನ ಪೀಣ್ಯವೇ ಕೇಂದ್ರ.

ಅವನ ಪೂರ್ವಜರು

ಈ ಭಟನ ವಂಶಾವಳಿಯನ್ನು ಹುಡುಕುತ್ತ ಹೋದರೆ ಅದು ದಾವಣಗೆರೆಯ ಚರಿತ್ರೆಯ ಸಮೀಪಕ್ಕೇ ಬರುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಹೈದರ್ ಅಲಿಯು ಈ ಊರನ್ನು ಅಪೋಜಿರಾಮನೆಂಬ ಮರಾಠಾ ನಾಯಕನಿಗೆ ಜಹಗೀರಾಗಿ ಕೊಟ್ಟನು. ಆತನು ವರ್ತಕರಿಗೆ ಪ್ರೋತ್ಸಾಹವಿತ್ತು ಇಲ್ಲಿ ನೆಲೆಗೊಳಿಸಿದುದರಿಂದ ಊರು ವ್ಯಾಪಾರಸ್ಥಳವಾಗಿ ಬೆಳೆಯಿತು. ಅದೇ ಹೈದರನ ಸೈನ್ಯದಲ್ಲಿ ಕಬ್ಬಿಣದ ಕೊಳವೆಯೊಳಗೆ ಮದ್ದು ತುಂಬಿದ ರಾಕೆಟ್ಟುಗಳಿದ್ದವು. 1780ರಲ್ಲಿ ಪೊಳ್ಳಿಲೂರಿನ ಕಾಳಗದಲ್ಲಿ ಅವು ಆಂಗ್ಲರನ್ನು ಬೆಚ್ಚಿಬೀಳಿಸಿದವು. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರದಲ್ಲಿ, ಹೂಳು ತುಂಬಿದ್ದ ಒಂದು ಬಾವಿಯಿಂದ ಇಂತಹ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು 2018ರಲ್ಲಿ ದೊರೆತವು. ಆಳಿಲ್ಲದೆ ತಾನಾಗಿ ಹಾರುವ ಆಯುಧವೇನೋ ಅದಾಗಿತ್ತು. ಆದರೆ ಅದಕ್ಕೆ ಕಣ್ಣಿರಲಿಲ್ಲ.

ಕಣ್ಣುಳ್ಳ ಯಂತ್ರವು ಆಕಾಶಕ್ಕೇರಿದ್ದು ಶೀತಲ ಸಮರದ ದಿನಗಳಲ್ಲಿ. ಅಮೆರಿಕವು ಕರೋನಾ ಎಂಬ ಗುಪ್ತನಾಮದಿಂದ ಕ್ಯಾಮೆರಾ ಹೊತ್ತ ಉಪಗ್ರಹಗಳನ್ನು ಹಾರಿಸಿತು. ಆಗ ಚಿತ್ರಗಳನ್ನು ರೇಡಿಯೋ ಮೂಲಕ ಸ್ಫುಟವಾಗಿ ಕಳುಹಿಸುವ ವಿದ್ಯೆ ಪಕ್ವವಾಗಿರಲಿಲ್ಲ. ಆದ್ದರಿಂದ ಫಿಲ್ಮಿನ ಸುರುಳಿಯನ್ನೇ ಒಂದು ಪೆಟ್ಟಿಗೆಯಲ್ಲಿಟ್ಟು ಕೆಳಕ್ಕೆ ಬಿಡಬೇಕಾಗಿತ್ತು. 1960ರ ಆಗಸ್ಟ್ 19ರಂದು ಅಂತಹ ಪೆಟ್ಟಿಗೆಯೊಂದು ಪ್ಯಾರಾಚೂಟಿನಲ್ಲಿ ಇಳಿಯುತ್ತಿರುವಾಗಲೇ ಪೆಸಿಫಿಕ್ ಸಾಗರದ ಮೇಲೆ ವಿಮಾನವೊಂದು ಅದನ್ನು ಕೊಕ್ಕೆಯಿಂದ ಹಿಡಿಯಿತು. ಆ ಒಂದು ಸುರುಳಿಯಲ್ಲಿ ಸೋವಿಯೆಟ್ ದೇಶದ ಎಷ್ಟು ನೆಲ ಕಂಡಿತೆಂದರೆ, ಅದುವರೆಗಿನ ಎಲ್ಲ ಯು-2 ಗೂಢಚಾರ ವಿಮಾನಗಳು ಒಟ್ಟಾಗಿ ಕಂಡದ್ದೂ ಅದಕ್ಕಿಂತ ಕಡಿಮೆಯೇ. ಆದರೆ ಈ ಭಟನಿಗೆ ತನ್ನ ಕತೆಯನ್ನು ಹೇಳುವ ಅಪ್ಪಣೆ ಸಿಕ್ಕಲು 35 ವರ್ಷ ಬೇಕಾಯಿತು. 1995ರಲ್ಲಿ ಗೋಪ್ಯತೆ ಕಳೆದು 8,60,000ಕ್ಕೂ ಮಿಕ್ಕ ಚಿತ್ರಗಳು ಬೆಳಕಿಗೆ ಬಂದವು. ಇಂದು ಪುರಾತತ್ತ್ವಜ್ಞರು ಅವುಗಳಲ್ಲಿ ಮರೆಯಾದ ನಗರಗಳ ಗುರುತುಗಳನ್ನು ಹುಡುಕುತ್ತಾರೆ.

ಎರಡು ಪಾಠಗಳು

ಇನ್ನು ನಮ್ಮ ದೇಶದ ಮಾತಿಗೆ ಬರೋಣ. 1999ರ ಕಾರ್ಗಿಲ್ ಯುದ್ಧದ ಕಾಲದಲ್ಲಿ ಭಾರತದ ಐಆರ್‌ಎಸ್-1ಸಿ, 1ಡಿ ಉಪಗ್ರಹಗಳು ಆಕಾಶದಲ್ಲಿದ್ದವು. ಅವುಗಳ ಅತ್ಯಂತ ಸೂಕ್ಷ್ಮವಾದ ಚಿತ್ರದಲ್ಲಿ ಒಂದೊಂದು ಬಿಂದುವೂ ನೆಲದ 5.8 ಮೀಟರಿಗೆ ಸಮ. ಬೆಳೆ, ಕೆರೆ, ರಸ್ತೆಗಳನ್ನು ನೋಡಲು ಅದು ಸಾಕು. ಬೆಟ್ಟದ ನೆತ್ತಿಯಲ್ಲಿ ಅಡಗಿದ ಡೇರೆಯನ್ನು ಗುರುತಿಸಲು ಸಾಲದು. ಈ ಕೊರತೆಯನ್ನು ತುಂಬುವ ಪ್ರಯತ್ನದಲ್ಲಿ 2001ರ ಅಕ್ಟೋಬರ್ 22ರಂದು ಟಿಇಎಸ್ ಎಂಬ ಉಪಗ್ರಹವು ಏರಿತು. ಅದರ ನೋಟ ಒಂದು ಮೀಟರಿನಷ್ಟು ಸೂಕ್ಷ್ಮವಾಗಿತ್ತು. ಆದರೂ ಅದು ಬೆಳಕಿನಿಂದ ನೋಡುವ ಕಣ್ಣು. ಇರುಳಿನಲ್ಲಿಯೂ ಮೋಡದಲ್ಲಿಯೂ ಅದು ಮುಚ್ಚಿದಂತೆಯೇ.

2008ರ ನವೆಂಬರ್ 26ರ ರಾತ್ರಿ ಸಮುದ್ರಮಾರ್ಗವಾಗಿ ಬಂದ ಹತ್ತು ಮಂದಿ ಮುಂಬಯಿಯಲ್ಲಿ ನಡೆಸಿದ ದಾಳಿಯಲ್ಲಿ 166 ಜನರು ಪ್ರಾಣ ತೆತ್ತರು. ಇರುಳಿನಲ್ಲಿಯೂ ಕಾಣಬಲ್ಲ ಕಣ್ಣಿನ ಅಗತ್ಯವು ಎಲ್ಲರಿಗೂ ಮನದಟ್ಟಾಯಿತು. ಇಸ್ರೋ ತಾನೇ ನಿರ್ಮಿಸುತ್ತಿದ್ದ ರಿಸ್ಯಾಟ್-1 ಇನ್ನೂ ಸಿದ್ಧವಾಗಿರಲಿಲ್ಲ. ಆದ್ದರಿಂದ ಇಸ್ರೇಲಿನ ರೇಡಾರನ್ನು ಹೊತ್ತ ರಿಸ್ಯಾಟ್-2 ಮೊದಲು ಹೊರಟಿತು. 2009ರ ಏಪ್ರಿಲ್ 20ರಂದು ಶ್ರೀಹರಿಕೋಟೆಯಿಂದ ಪಿಎಸ್‌ಎಲ್‌ವಿ ರಾಕೆಟ್ಟು ಅದನ್ನು ಸುಮಾರು 550 ಕಿಲೋಮೀಟರ್ ಎತ್ತರಕ್ಕೆ ಒಯ್ದಿತು. ತೂಕ ಸುಮಾರು 300 ಕಿಲೋಗ್ರಾಮ್. ಎಂದರೆ ಕ್ವಿಂಟಾಲಿನ ಲೆಕ್ಕದಲ್ಲಿ ಮೂರು ಮಾತ್ರ. ಭೂವೀಕ್ಷಣೆ ಮತ್ತು ವಿಪತ್ತುಗಳ ನಿರ್ವಹಣೆಗೆ ಎಂದು ಅಧಿಕೃತವಾಗಿ ಹೇಳಲಾಗಿತ್ತು. ಗಡಿ ಕಡಲುಗಳ ಕಾವಲಿಗೂ ಎಂದು ಪತ್ರಿಕೆಗಳು ಅಂದೇ ಬರೆದವು.

ಮೋಡದಲ್ಲಿ ಕಾಣುವುದು ಹೇಗೆ?

ಹರಿಹರದಲ್ಲಿ ತುಂಗಭದ್ರೆಯ ದಡದಲ್ಲಿ ನಿಂತು ನೋಡಿ. ನೀರಿನ ಪುಟ್ಟ ತರಂಗವು ಸಣ್ಣ ಕಲ್ಲಿಗೆ ತಾಗಿ ಚದರಿಹೋಗುತ್ತದೆ. ದೊಡ್ಡ ಅಲೆಯಾದರೋ ಆ ಕಲ್ಲು ಅಲ್ಲಿ ಇಲ್ಲವೆಂಬಂತೆ ಮುಂದೆ ಸಾಗುತ್ತದೆ. ಮೋಡದ ಹನಿಗಳ ಗಾತ್ರ ಸಾಮಾನ್ಯವಾಗಿ ಮಿಲಿಮೀಟರಿನ ನೂರರಲ್ಲಿ ಒಂದೆರಡು ಭಾಗ. ಬೆಳಕಿನ ಅಲೆಯುದ್ದವು ಅದಕ್ಕಿಂತಲೂ ಬಹಳ ಕಿರಿದಾದುದರಿಂದ ಬೆಳಕು ಪ್ರತಿ ಹನಿಗೂ ತಾಗಿ ಚದರುತ್ತದೆ. ನಮಗೆ ಬಿಳಿಯ ಗೋಡೆಯೊಂದು ಕಾಣುತ್ತದೆ. ರಿಸ್ಯಾಟ್-2ರ ರೇಡಾರು ಬಳಸಿದ ರೇಡಿಯೋ ಅಲೆಯ ಉದ್ದ ಸುಮಾರು ಮೂರು ಸೆಂಟಿಮೀಟರ್. ಇದಕ್ಕೆ ಮೋಡದ ಹನಿಗಳು ಲೆಕ್ಕಕ್ಕೇ ಇಲ್ಲ. ಇದಲ್ಲದೆ ಅದು ಸೂರ್ಯನ ಬೆಳಕಿಗಾಗಿ ಕಾಯುವುದಿಲ್ಲ. ತಾನೇ ಅಲೆಯನ್ನು ಬಿಟ್ಟು, ನೆಲಕ್ಕೆ ತಾಗಿ ಹಿಂದಿರುಗುವ ಪ್ರತಿಧ್ವನಿಯನ್ನು ಹಿಡಿಯುತ್ತದೆ. ನೇರ ಕೆಳಗಿನ ನೆಲದಿಂದಲೇ ಆದರೂ ಈ ಹೋಗಿಬರುವಿಕೆಗೆ ಸೆಕೆಂಡಿನ ಸುಮಾರು 270ರಲ್ಲಿ ಒಂದು ಭಾಗ ಸಾಕು. ಹತ್ತಿರದ ವಸ್ತುವಿನ ಮಾರ್ದನಿ ಮೊದಲು, ದೂರದ್ದು ಆಮೇಲೆ. ಈ ಅಂತರದಿಂದಲೇ ದೂರವನ್ನು ಎಣಿಸಬಹುದು.

ಹದಿನಾರು ಕಿಲೋಮೀಟರಿನ ಆಂಟೆನಾ

ಆದರೆ ಇಲ್ಲಿ ಒಂದು ತೊಡಕು ಎದುರಾಗುತ್ತದೆ. ಅಲೆಯುದ್ದ ಹೆಚ್ಚಿದಷ್ಟೂ ನೋಟ ಮಂಜಾಗುತ್ತದೆ. ಮೂರು ಮೀಟರ್ ಅಗಲದ ಆಂಟೆನಾದಿಂದ ಹೊರಟ ಮೂರು ಸೆಂಟಿಮೀಟರಿನ ಅಲೆಯು 550 ಕಿಲೋಮೀಟರ್ ದಾಟುವಷ್ಟರಲ್ಲಿ ಸುಮಾರು ಐದೂವರೆ ಕಿಲೋಮೀಟರ್ ಅಗಲಕ್ಕೆ ಹರಡಿಬಿಡುತ್ತದೆ. ಆಗ ಮಂಡಿಪೇಟೆ, ರೈಲ್ವೆ ನಿಲ್ದಾಣ, ಅದರಾಚೆಯ ಬಡಾವಣೆಗಳೆಲ್ಲ ಕಲಸಿ ಒಂದೇ ಮಚ್ಚೆಯಾಗುತ್ತವೆ. ಅಲ್ಲಿಂದ ಒಂದು ಮೀಟರಿನಷ್ಟನ್ನು ಬೇರ್ಪಡಿಸಿ ನೋಡಬೇಕಾದರೆ ಹದಿನಾರು ಕಿಲೋಮೀಟರಿಗೂ ಉದ್ದವಾದ ಆಂಟೆನಾ ಬೇಕು. ಎಂದರೆ ದಾವಣಗೆರೆಯಿಂದ ಹರಿಹರವನ್ನು ಮುಟ್ಟಿ ಇನ್ನೂ ಸ್ವಲ್ಪ ಮುಂದೆ ಚಾಚುವಂತಹದು! ಅದನ್ನು ಆಕಾಶಕ್ಕೆ ಹೊರುವವರು ಯಾರು?

ಈ ಕಷ್ಟಕ್ಕೆ 1951ರಲ್ಲಿ ಅಮೆರಿಕದ ಕಾರ್ಲ್ ವೈಲಿ ಎಂಬ ಎಂಜಿನಿಯರನು ಒಂದು ಸೊಗಸಾದ ಯುಕ್ತಿಯನ್ನು ಕಂಡನು. ಆಂಟೆನಾ ಚಿಕ್ಕದೇ ಇರಲಿ; ಆದರೆ ಅದು ಓಡುತ್ತಿದೆಯಲ್ಲ! ಉಪಗ್ರಹದ ವೇಗ ಸೆಕೆಂಡಿಗೆ ಸುಮಾರು 7.6 ಕಿಲೋಮೀಟರ್. ಎರಡು ಸೆಕೆಂಡು ಕಳೆದು ಸ್ವಲ್ಪ ಹೊತ್ತಿನಲ್ಲಿಯೇ ಅದು ದಾವಣಗೆರೆ–ಹರಿಹರಗಳ ಅಂತರವನ್ನು ದಾಟಿಬಿಡುತ್ತದೆ. ಆ ದಾರಿಯುದ್ದಕ್ಕೂ ಸಾವಿರಾರು ಸಲ ಅಲೆ ಬಿಟ್ಟು, ಬಂದ ಮಾರ್ದನಿಗಳನ್ನೆಲ್ಲ ದಾಖಲಿಸಿ, ಬಳಿಕ ಗಣಕಯಂತ್ರದಿಂದ ಒಟ್ಟುಗೂಡಿಸಿದರೆ, ಅಷ್ಟುದ್ದದ ಒಂದೇ ಆಂಟೆನಾದಿಂದ ನೋಡಿದ ಫಲವೇ ಸಿಗುತ್ತದೆ. ರೈಲಿನ ಸೀಟಿಯು ಸಮೀಪಿಸುವಾಗ ತಾರಕವಾಗಿಯೂ ದೂರ ಸರಿಯುವಾಗ ಮಂದ್ರವಾಗಿಯೂ ಕೇಳುವುದು ನಮಗೆಲ್ಲ ತಿಳಿದ ವಿಷಯ. ಇದೇ ಡಾಪ್ಲರ್ ಪರಿಣಾಮ. ಉಪಗ್ರಹದ ಮುಂದಿರುವ ಮನೆಯ ಮಾರ್ದನಿಗೂ ಹಿಂದುಳಿದ ಮನೆಯ ಮಾರ್ದನಿಗೂ ಸ್ವರದಲ್ಲಿ ಇಂತಹುದೇ ಅಲ್ಪ ಭೇದವುಂಟು. ಆ ಭೇದವನ್ನು ಹಿಡಿದು ಗಣಕವು ಒಂದೊಂದನ್ನೂ ಅದರದರ ಸ್ಥಾನದಲ್ಲಿ ಕೂರಿಸುತ್ತದೆ.

ಮಂಡಿಪೇಟೆ ಹೇಗೆ ಕಂಡೀತು?

ಹೀಗೆ ಮೂಡಿದ ಚಿತ್ರದಲ್ಲಿ ನಾವು ಕಾಣುವ ಬಣ್ಣಗಳಿರುವುದಿಲ್ಲ. ಮಾರ್ದನಿ ಬಲವಾಗಿ ಬಂದಲ್ಲಿ ಬಿಳುಪು, ಬಾರದಲ್ಲಿ ಕಪ್ಪು. ರೇಡಾರು ಓರೆಯಾಗಿ ನೋಡುವುದರಿಂದ ಕುಂದುವಾಡದ ಕೆರೆಯ ನಿಶ್ಚಲವಾದ ನೀರು ಕನ್ನಡಿಯಂತೆ ಅಲೆಯನ್ನು ಆಚೆಗೆ ಜಾರಿಸಿಬಿಡುತ್ತದೆ. ಕೆರೆ ಕಪ್ಪಾಗಿ ಕಾಣುತ್ತದೆ. ಮಂಡಿಪೇಟೆಯಲ್ಲಿ ಗೋಡೆಯು ಬೀದಿಯನ್ನು ಕೂಡುವ ಮೂಲೆಗಳು, ತಗಡಿನ ಮಾಡುಗಳು, ಕಬ್ಬಿಣದ ಬಾಗಿಲುಗಳು ಅಲೆಯನ್ನು ನೇರವಾಗಿ ಹಿಂದಕ್ಕೆ ಎಸೆಯುವುದರಿಂದ ಬೀದಿಯೆಲ್ಲ ಕಲ್ಲುಸಕ್ಕರೆ ಚೆಲ್ಲಿದಂತೆ ಹೊಳೆಯುತ್ತದೆ. ಮುಖ, ಬೋರ್ಡಿನ ಅಕ್ಷರ, ಮೂಟೆಯೊಳಗಿನ ಧಾನ್ಯ ಯಾವುದೂ ಕಾಣುವುದಿಲ್ಲ.

ಭದ್ರಾ ನಾಲೆಯ ಗದ್ದೆಗಳ ಕತೆ ಇನ್ನೂ ಸ್ವಾರಸ್ಯವಾದದ್ದು. ನಾಟಿಗೆ ನೀರು ನಿಲ್ಲಿಸಿದಾಗ ಗದ್ದೆ ಕಪ್ಪು. ಪೈರು ಎದ್ದಂತೆ ಬಿಳುಪು ಏರುತ್ತದೆ. ಈ ಬದಲಾವಣೆಯ ಕ್ರಮದಿಂದಲೇ ಭತ್ತವನ್ನು ಗುರುತಿಸಿ ವಿಸ್ತೀರ್ಣವನ್ನು ಎಣಿಸಬಹುದು. 2012ರ ಏಪ್ರಿಲ್ 26ರಂದು ಹಾರಿದ ರಿಸ್ಯಾಟ್-1ರ ಚಿತ್ರಗಳನ್ನು ಮುಂಗಾರಿನ ಭತ್ತದ ಅಂದಾಜಿಗೆ ಬಳಸಲಾಯಿತು. ಮಳೆಗಾಲದ ಮೋಡ ಕವಿದಿರುವಾಗಲೇ ಭತ್ತ ಬೆಳೆಯುವುದರಿಂದ ಈ ಕೆಲಸಕ್ಕೆ ರೇಡಾರಿಗಿಂತ ಬೇರೆ ಗತಿಯಿಲ್ಲ. ಶತ್ರುವಿಗಾಗಿ ತೆರೆದ ಕಣ್ಣೇ ಅನ್ನದ ಲೆಕ್ಕವನ್ನೂ ಹೇಳುತ್ತದೆ.

ಕಾಣುವುದೂ ಅರಿಯುವುದೂ

ಕಡಲಿನಲ್ಲಿ ಈ ಕಣ್ಣಿಗೆ ಕೆಲಸ ಸುಲಭವೆಂದು ತೋರಬಹುದು. ಕಪ್ಪು ನೀರಿನ ಮೇಲೆ ಲೋಹದ ದೋಣಿಯು ಬಿಳಿಯ ಚುಕ್ಕೆಯಾಗಿ ಎದ್ದು ಕಾಣುತ್ತದೆ. ಆದರೆ ಮುಂಬಯಿಯ ಕಡೆಗೆ ಬಂದ ಆ ಹತ್ತು ಮಂದಿ ಭಾರತದ್ದೇ ಒಂದು ಮೀನುಗಾರಿಕೆಯ ದೋಣಿಯನ್ನು ಅಪಹರಿಸಿ ಅದರಲ್ಲಿ ಬಂದಿದ್ದರು ಎಂಬುದನ್ನು ಮರೆಯಬಾರದು. ಆ ರಾತ್ರಿ ರೇಡಾರಿನ ಕಣ್ಣೊಂದು ಮೇಲಿದ್ದಿದ್ದರೂ ಅದಕ್ಕೆ ಕಾಣುತ್ತಿದ್ದುದು ಬೆಸ್ತರ ನೂರಾರು ದೋಣಿಗಳ ನಡುವೆ ಇನ್ನೊಂದು ಚುಕ್ಕೆ ಮಾತ್ರ. ಯಂತ್ರವು ಕಾಣಬಲ್ಲದು, ಅರಿಯಲಾರದು. ಚುಕ್ಕೆಯ ಅರ್ಥವನ್ನು ತಿಳಿಯಲು ಬಂದರಿನ ದಾಖಲೆ, ಕರಾವಳಿಯ ಕಾವಲು, ಬೆಸ್ತರ ಮಾತು ಎಲ್ಲವೂ ಬೇಕು.

ಆದುದರಿಂದಲೇ ಕಂಡ ಕೂಡಲೇ ಹೊಡೆಯುವ ಅಧಿಕಾರವನ್ನು ಯಂತ್ರಕ್ಕೇ ಒಪ್ಪಿಸಬಹುದೇ ಎಂಬ ಇಂದಿನ ಚರ್ಚೆ ಕೇವಲ ತಾಂತ್ರಿಕವಾದುದಲ್ಲ. ತಪ್ಪಾಗಿ ಓದಿದ ಒಂದು ಚುಕ್ಕೆಯೊಳಗೆ ಬಲೆ ಬಿಟ್ಟು ಕುಳಿತ ನಾಲ್ವರು ಬಡವರಿರಬಹುದು. 1967ರ ಬಾಹ್ಯಾಂತರಿಕ್ಷ ಒಪ್ಪಂದವು ಕಕ್ಷೆಯಲ್ಲಿ ಪರಮಾಣು ಆಯುಧಗಳನ್ನು ಇಡಬಾರದೆಂದು ಕಟ್ಟುಮಾಡಿದೆ. ಆದರೆ ಎಲ್ಲ ಆಯುಧಗಳನ್ನೂ ಅದು ತಡೆಯುವುದಿಲ್ಲ. ಉಳಿದ ಎಚ್ಚರವು ಮನುಷ್ಯನ ವಿವೇಕಕ್ಕೆ ಸೇರಿದ್ದು.

ಭಟನ ಮುಪ್ಪು

ರಿಸ್ಯಾಟ್-2ಕ್ಕೆ ಗೊತ್ತುಮಾಡಿದ್ದ ಆಯುಸ್ಸು ನಾಲ್ಕು ವರ್ಷ. ಹೊರಡುವಾಗ ಇದ್ದ ಇಂಧನ 30 ಕಿಲೋಗ್ರಾಮ್. ಕಕ್ಷೆಯನ್ನು ಜೋಪಾನವಾಗಿ ಕಾಯ್ದು, ಇಂಧನವನ್ನು ಮಿತವ್ಯಯದಿಂದ ಬಳಸಿದ ಫಲವಾಗಿ ಅದು ಹದಿಮೂರು ವರ್ಷ ದುಡಿಯಿತು. ಅಷ್ಟು ಎತ್ತರದಲ್ಲಿಯೂ ಗಾಳಿಯ ಸೋಂಕು ಲೇಶಮಾತ್ರ ಇರುವುದುಂಟು. ಅದು ದಿನದಿನವೂ ಉಪಗ್ರಹವನ್ನು ಸವರಿ ಕೆಳಕ್ಕೆ ಎಳೆಯುತ್ತದೆ. ಕೊನೆಗೆ 2022ರ ಅಕ್ಟೋಬರ್ 30ರಂದು, ನಮ್ಮ ಗಡಿಯಾರದಲ್ಲಿ ಬೆಳಗಿನ 5 ಗಂಟೆ 36 ನಿಮಿಷಕ್ಕೆ, ಜಕಾರ್ತಾದ ಸಮೀಪ ಹಿಂದೂ ಮಹಾಸಾಗರದ ಮೇಲೆ ಅದು ದಟ್ಟವಾದ ವಾಯುಮಂಡಲವನ್ನು ಹೊಕ್ಕಿತು. ಇಂಧನವೆಲ್ಲ ತೀರಿದ್ದುದರಿಂದ ಸ್ಫೋಟದ ಭಯವಿರಲಿಲ್ಲ.

ಎಲ್ಲ ಯಂತ್ರಭಟರಿಗೂ ಇಂತಹ ಶಾಂತವಾದ ಅಂತ್ಯವಿರುವುದಿಲ್ಲ. 2019ರ ಮಾರ್ಚ್ 27ರಂದು ಭಾರತವು ತನ್ನದೇ ಉಪಗ್ರಹವೊಂದನ್ನು ಸುಮಾರು 300 ಕಿಲೋಮೀಟರ್ ಎತ್ತರದಲ್ಲಿ ಕ್ಷಿಪಣಿಯಿಂದ ಒಡೆದು ಪ್ರಯೋಗ ಮಾಡಿದಾಗ ನೂರಾರು ಚೂರುಗಳು ಹುಟ್ಟಿದವು. ಆಕಾಶದ ಕಾವಲುಗಾರನನ್ನು ಕೊಲ್ಲಬಹುದು ಎಂಬುದು ಅದರಿಂದ ಸಿದ್ಧವಾಯಿತು. ಕೊಂದರೆ ಕಸವು ಎಲ್ಲರ ದಾರಿಗೂ ಬೀಳುತ್ತದೆ ಎಂಬುದೂ ಸಿದ್ಧವಾಯಿತು.

ರಿಸ್ಯಾಟ್-2 ಕಂಡದ್ದರಲ್ಲಿ ಬಹುಭಾಗವು ಇನ್ನೂ ಸರಕಾರದ ಬೀರುವಿನಲ್ಲಿದೆ. ಕರೋನಾದ ಚಿತ್ರಗಳಂತೆ ಅದರ ವೃತ್ತಾಂತವೂ ಮುಂದೊಂದು ದಿನ ಹೊರಗೆ ಬಂದೀತು. ಆಗ ಅದನ್ನು ಓದುವವರು ಅದರಲ್ಲಿ ಯುದ್ಧಗಳನ್ನಲ್ಲದೆ ಹಳೆಯ ಕೆರೆಗಳನ್ನೂ ಮಾಯವಾದ ಗದ್ದೆಗಳನ್ನೂ ಹುಡುಕಬಹುದು.

ಮಳೆ ನಿಂತಿತು. ಇಷ್ಟನ್ನೂ ನಾವು ಆ ಹಿರಿಯರಿಗೆ ಚುಟುಕಾಗಿ ಹೇಳಿದೆವು. ಅವರು ತಾಡಪಾಲು ಸರಿಸಿ, ಒದ್ದೆಯಾದ ಒಂದು ಮೂಟೆಯ ಬಾಯಿ ಬಿಚ್ಚಿ, ಹಿಡಿ ಮೆಕ್ಕೆಜೋಳವನ್ನು ಅಂಗೈಯಲ್ಲಿ ಹರಡಿಕೊಂಡು ನೋಡಿದರು. "ಮ್ಯಾಲಿಂದ ಕಂಡರೂ, ಮಾಲು ನೋಡಾಕ ಕೈ ಹಾಕಲೇಬೇಕು ಅನ್ರಿ" ಎಂದರು. ವಿಜ್ಞಾನಿಗಳು ಹೇಳುವುದೂ ಅದನ್ನೇ.