ಮದ್ದು ಒಗ್ಗದಿರುವಿಕೆ: ಒಂದು ಅರ್ಥವಿಚಾರ

ಸಿದ್ದಾಪುರ ತಾಲ್ಲೂಕಿನ ಕಾನಸೂರಿನಂತಹ ಮಲೆನಾಡ ಊರುಗಳಲ್ಲಿ ಹೊಸ ಔಷಧದಿಂದ ತೊಂದರೆಯಾದರೆ 'ಮದ್ದು ಒಗ್ಗಲಿಲ್ಲ' ಎನ್ನುವುದು ರೂಢಿ. 'ನಾಲ್ಕು ದಿನ ತೆಗೆದುಕೊಂಡರೆ ಒಗ್ಗುತ್ತದೆ' ಎಂಬ ಸಮಾಧಾನವೂ ಅದರ ಬೆನ್ನಿಗೇ ಬರುವುದುಂಟು. ಈ ಎರಡನೆಯ ಮಾತು ಎಲ್ಲಿ ಸಲ್ಲುವುದು, ಎಲ್ಲಿ ಪ್ರಾಣಕ್ಕೇ ಕುತ್ತಾಗುವುದು ಎಂಬುದು ಕರುಳಿನ ದೀರ್ಘಕಾಲದ ಉರಿಯೂತಕ್ಕೆ ಕೊಡುವ ಔಷಧಗಳ ಚರಿತ್ರೆಯಿಂದ ಚೆನ್ನಾಗಿ ತಿಳಿದುಬರುತ್ತದೆ.

ಸ್ವೀಡನ್ ದೇಶದ ವೈದ್ಯೆ ನನ್ನಾ ಸ್ವಾರ್ಟ್ಸ್ ಎಂಬಾಕೆ ಸಂಧಿವಾತಕ್ಕೆಂದು ಬಳಸಿ, ದೊಡ್ಡ ಕರುಳಿನ ಹುಣ್ಣಿನಲ್ಲಿಯೂ ಗುಣಕಂಡು, 1942ರಲ್ಲಿ ಪ್ರಕಟಪಡಿಸಿದ ಸಲ್ಫಸಲಜೀನ್ ಎರಡು ದ್ರವ್ಯಗಳ ಸಂಯುಕ್ತ. ಕರುಳಿನ ಸೂಕ್ಷ್ಮಜೀವಿಗಳು ಇದರ ಬಂಧವನ್ನು ಕಡಿದು ಸಲ್ಫಾಪಿರಿಡೀನ್, ಮೆಸಲಜೀನ್ ಎಂಬ ಎರಡು ಭಾಗಗಳನ್ನು ಬಿಡಿಸುತ್ತವೆ. ಗುಣಕಾರಿಯಾದುದು ಎರಡನೆಯದೆಂದು 1977ರಲ್ಲಿ ಆಕ್ಸ್‌ಫರ್ಡಿನ ಅಜಾದ್ ಖಾನ್, ಪಿರಿಸ್, ಟ್ರೂಲವ್ ಎಂಬ ವಿದ್ವಾಂಸರು ತೋರಿಸಿಕೊಟ್ಟರು. ಮೊದಲನೆಯದು ಬಹುಮಟ್ಟಿಗೆ ವಾಹನಮಾತ್ರ. ಆದರೆ ಉಪದ್ರವಗಳಲ್ಲಿ ಹೆಚ್ಚಿನವು ಅದರವೇ.

ಈ ಉಪದ್ರವಗಳು ಒಂದೇ ಜಾತಿಯವಲ್ಲ. ಓಕರಿಕೆ, ತಲೆನೋವು ಮುಂತಾದವು ಪ್ರಮಾಣವನ್ನು ಅವಲಂಬಿಸಿದವು. ಅಲ್ಪಪ್ರಮಾಣದಿಂದ ಮೊದಲುಮಾಡಿ ಏರಿಸಿದರೆ ಅನೇಕರಿಗೆ ಮದ್ದು ಒಗ್ಗುವುದು. ಅಭ್ಯಾಸದಿಂದ ಹಿತವಾಗುವ ಇಂತಹುದಕ್ಕೆ ಚರಕಸಂಹಿತೆಯಲ್ಲಿ 'ಓಕಸಾತ್ಮ್ಯ' ಎಂಬ ಹೆಸರುಂಟು. ಅಲರ್ಜಿಯಾದರೋ ಇದಕ್ಕೆ ತೀರ ವಿಪರೀತ. 1906ರಲ್ಲಿ ವಿಯೆನ್ನಾದ ಪಿರ್ಕೆ ಎಂಬ ವೈದ್ಯನು 'ಬೇರೆ', 'ಕಾರ್ಯ' ಎಂಬರ್ಥದ ಗ್ರೀಕ್ ಶಬ್ದಗಳಿಂದ ಕಟ್ಟಿದ ಪದವಿದು. ದೇಹದ ರಕ್ಷಣಾವ್ಯವಸ್ಥೆ ಔಷಧವನ್ನು ಪರಕೀಯವೆಂದು ಗುರುತಿಸುವುದಕ್ಕೆ ಕೆಲವು ದಿನಗಳು ಬೇಕು. ಗುರುತಿಸಿದ ಬಳಿಕ ಪರಿಚಯದಿಂದ ಸ್ನೇಹ ಬೆಳೆಯದು, ಹಗೆ ಬೆಳೆಯುವುದು. ಆದುದರಿಂದಲೇ ಮೊದಲ ವಾರ ನೆಮ್ಮದಿಯಾಗಿ ಕಳೆದು, ಎರಡರಿಂದ ಎಂಟು ವಾರಗಳೊಳಗೆ ಜ್ವರ, ಮೈತುಂಬ ದದ್ದು, ಮುಖದ ಬಾವು, ಯಕೃತ್ತಿನ ಉರಿಯೂತ ಕಾಣಿಸಿಕೊಳ್ಳಬಹುದು. ಇದು ವಿರಳ, ಆದರೂ ಪ್ರಾಣಾಂತಿಕವಾಗಬಲ್ಲುದು. ಇಲ್ಲಿ 'ಒಗ್ಗುತ್ತದೆ' ಎಂದು ಮುಂದುವರಿಸುವುದು ಸಲ್ಲದು. (ಬರಿಯ ಅಲ್ಪ ದದ್ದಾದವರಿಗೆ ಅತಿ ಸೂಕ್ಷ್ಮ ಪ್ರಮಾಣದಿಂದ ಮತ್ತೆ ಒಗ್ಗಿಸುವ ಕ್ರಮವೊಂದುಂಟು, ಅದು ವೈದ್ಯನ ಕಣ್ಣೆದುರಿನಲ್ಲಿಯೇ ನಡೆಯತಕ್ಕುದು.)

ವಾಹನವನ್ನು ಕಳೆದು ಮೆಸಲಜೀನನ್ನೇ ಕೊಟ್ಟರೆ ಬಹುಪಾಲು ಜನರ ತೊಡಕು ತೀರುವುದು ನಿಜ. ಆದರೆ ಅದನ್ನೇ ಸಹಿಸದ ಕೆಲವರುಂಟು. ಅವರಲ್ಲಿ ಹೃದಯಸ್ನಾಯುವಿನ ಅಥವಾ ಮೇದೋಜೀರಕ ಗ್ರಂಥಿಯ ಉರಿಯೂತ ಕಾಣುವುದು ಬಹಳ ಅಪರೂಪ. ಅದಕ್ಕಿಂತ ಮೋಸದ ಪರಿ ಇನ್ನೊಂದು: ಜ್ವರ, ಹೊಟ್ಟೆನುಲಿತ, ರಕ್ತಭೇದಿ. ಇವು ಮೂಲರೋಗದ ಲಕ್ಷಣಗಳೇ ಆದುದರಿಂದ ವ್ಯಾಧಿ ಉಲ್ಬಣಿಸಿತೆಂದು ಭ್ರಮಿಸಿ ಮದ್ದಿನ ಪ್ರಮಾಣವನ್ನೇ ಹೆಚ್ಚಿಸುವ ಸಂಭವವಿದೆ. ಮದ್ದನ್ನು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಇವು ಇಳಿಯುವುದೂ, ಮತ್ತೆ ಕೊಟ್ಟೊಡನೆ ಮರುಕಳಿಸುವುದೂ ಇದರ ಗುರುತು. ಕಾನಸೂರಿನಿಂದ ಶಿರಸಿಯ ವೈದ್ಯರಲ್ಲಿಗೆ ಹೋದ ರೋಗಿ 'ಒಗ್ಗಲಿಲ್ಲ' ಎಂದಷ್ಟೇ ಹೇಳಿದರೆ ಸಾಲದು. ಮೊದಲ ಗುಳಿಗೆ ಯಾವ ದಿನ, ಜ್ವರ ಯಾವ ದಿನ ಎಂಬುದನ್ನೂ ತಿಳಿಸಬೇಕಾಗುವುದು.